ಮತ್ತ ಹ್ಯಾಂಗ ಹಾಕ್ತಾರ್ರೀ?

"ಕುದಿಯೋ ನೀರ ಹಾಕೀನ್ರೀ ಅಕ್ಕಾ. ಮತ್ತ ಹ್ಯಾಂಗ ಹಾಕ್ತಾರ್ರೀ?"

ಈ ವಾರವಿಡೀ ಕಿವಿಯಲ್ಲೇ ಕೂತ ಮಾತು ಇದು. ಟೋಕಿಯೊದ ನಿಶಿ-ಕಸಾಯಿ ಹತ್ತಿರ ಒಂದು ಹಳೆಯ ಚಹಾ ಎಲೆ ಅಂಗಡಿ. ಹುಬ್ಬಳ್ಳಿಯ ಹುಡುಗ, ಕೈಯಲ್ಲಿ ಸೆಂಚಾ ಎಂಬ ಜಪಾನಿ ಹಸಿರು ಚಹಾದ ಬಾಯಿ ಒಡೆದ 100 ಗ್ರಾಂ ಪೊಟ್ಟಣ. ಎಲೆ ಕೆಟ್ಟಿದೆ, ವಿಪರೀತ ಕಹಿ, ವಾಪಸ್ ತಗೊಳ್ಳಲಿ ಎಂಬುದು ಅವನ ಅಹವಾಲು. ಅವನಿಗೆ ಜಪಾನಿ ಬಾರದು, ಅಂಗಡಿಯಾಕೆಗೆ ಬೇರೇನೂ ಬಾರದು, ನಡುವೆ ದುಭಾಷಿ ಕೆಲಸ ನನ್ನ ತಲೆಗೆ. ಆಕೆಗೆ ಎಪ್ಪತ್ತು ದಾಟಿರಬೇಕು. ಪೊಟ್ಟಣ ಮೂಸಿದರು, ಒಂದಿಷ್ಟು ಎಲೆ ಅಂಗೈಗೆ ಸುರಿದುಕೊಂಡು ಬೆಳಕಿಗೆ ಹಿಡಿದರು, "ನೀರು ಹೇಗೆ ಹಾಕಿದಿರಿ?" ಅಂತಷ್ಟೇ ಕೇಳಿದರು. ಅದಕ್ಕೆ ಬಂದ ಉತ್ತರ ಮೇಲಿನದು.

ಹುಡುಗನ ಮೇಲೆ ಸಿಟ್ಟು ಬರುವಂಥದ್ದೇನೂ ಇಲ್ಲ. ಪಾತ್ರೆಯಲ್ಲಿ ನೀರು, ಪುಡಿ, ಹಾಲು, ಸಕ್ಕರೆ ಒಟ್ಟಿಗೆ ಕುದಿಸುವುದನ್ನೇ ಚಹಾ ಎಂದು ನೋಡುತ್ತ ಬೆಳೆದವನು ಬೇರೆ ಹೇಗೆ ಹಾಕಿಯಾನು? ಸಿಟ್ಟು ಬಂದದ್ದು ಬಗಲಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿಯ ಮೇಲೆ. ಯಾರೂ ಕೇಳದಿದ್ದರೂ ನಡುವೆ ಬಾಯಿ ಹಾಕಿ, "70 ಡಿಗ್ರಿ! ಹಸಿರು ಚಹಾಕ್ಕೆ 70 ಡಿಗ್ರಿ ದಾಟಲೇಬಾರದು" ಎಂದು ಅಪ್ಪಣೆ ಕೊಡಿಸಿಬಿಟ್ಟರು. ಅಕ್ಕಿಗೂ ಕಡಲೆಗೂ ಕುಕ್ಕರಿನಲ್ಲಿ ಒಂದೇ ಲೆಕ್ಕದ ಸೀಟಿ ಕೂಗಿಸುವ ಜಾತಿ ಇದು. ಎಲೆ ಯಾವುದೆಂದು ನೋಡದೆ ಅಂಕಿ ಹೇಳುವವರಿಂದ ಹಸಿರು ಚಹಾಕ್ಕೆ ಆದಷ್ಟು ಹಾನಿ ಕುದಿಯುವ ನೀರಿನಿಂದಲೂ ಆಗಿಲ್ಲ.

ಅಂಗಡಿಯಾಕೆ ಇಬ್ಬರಿಗೂ ಉತ್ತರ ಕೊಡಲಿಲ್ಲ. ಕೆಟಲ್ ಕುದಿಯಿತು. ಕುದ್ದ ನೀರನ್ನು ಮೊದಲು ಸುರಿದದ್ದು ಎಲೆಗಲ್ಲ, ಎರಡು ಖಾಲಿ ಯುನೊಮಿಗೆ. ಯುನೊಮಿ ಎಂದರೆ ಹಿಡಿಯಿಲ್ಲದ ಕುಡಿಯುವ ಲೋಟ. ಇದರಿಂದ ಒಂದೇ ಏಟಿಗೆ ಮೂರು ಕೆಲಸವಾಗುತ್ತದೆ. ನೀರಿನ ಅಳತೆ ಸಿಗುತ್ತದೆ, ಲೋಟ ಬೆಚ್ಚಗಾಗುತ್ತದೆ, ನೀರು ತಣಿಯುತ್ತದೆ. ತಣ್ಣನೆಯ ಪಾತ್ರೆಗೆ ಒಮ್ಮೆ ಸುರಿದರೆ ಸುಮಾರು 10 ಡಿಗ್ರಿ ಇಳಿಯುತ್ತದೆ ಎಂಬುದು ಇಲ್ಲಿನ ಮನೆಲೆಕ್ಕ, ಥರ್ಮಾಮೀಟರು ಬೇಕಿಲ್ಲ. ಲೋಟದಲ್ಲಿ ಒಂದು ನಿಮಿಷ ಬಿಟ್ಟು ಕ್ಯೂಸುವಿಗೆ, ಅಂದರೆ ಪಕ್ಕಕ್ಕೆ ಹಿಡಿಯಿರುವ ಪುಟ್ಟ ಮಣ್ಣಿನ ಕುಡಿಕೆಗೆ, ಸುರಿಯುವಷ್ಟರಲ್ಲಿ 75ರ ಆಸುಪಾಸಿಗೆ ಬಂದಿರುತ್ತದೆ. ಬೆಂಗಳೂರಿನವರು ಇನ್ನೂ ಒಂದು ನೆನಪಿಡಬೇಕು: 900 ಮೀಟರಿಗೂ ಮಿಕ್ಕಿದ ಆ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ.

ಇಬ್ಬರಿಗೆ 4 ಗ್ರಾಂ ಎಲೆ, 160 ಮಿಲಿಲೀಟರ್ ನೀರು. ನಮ್ಮವರಿಗೆ ಈ ಲೆಕ್ಕ ಜಿಪುಣತನದಂತೆ ಕಾಣುತ್ತದೆ, ದೊಡ್ಡ ಮಗ್ಗಿಗೆ ಒಂದು ಚಿಟಿಕೆ ಎಲೆ ಹಾಕಿ ಹತ್ತು ನಿಮಿಷ ಮರೆತುಬಿಡುವ ಅಭ್ಯಾಸ. ಎಲೆ ಕಡಿಮೆ, ಹೊತ್ತು ಜಾಸ್ತಿ ಆದರೆ ರುಚಿ ಬರುವುದಿಲ್ಲ, ಒಗರು ಮಾತ್ರ ಬರುತ್ತದೆ. ಎಲೆ ಧಾರಾಳ, ನೀರು ಸ್ವಲ್ಪ, ಹೊತ್ತು ಕಡಿಮೆ ಇರಬೇಕು. ಆ ಪೊಟ್ಟಣದಲ್ಲಿದ್ದದ್ದು ಶಿಜುಓಕಾ ಪ್ರಾಂತ್ಯದ ಮಾಕಿನೊಹಾರಾ ಕಡೆಯ ಫುಕಾಮುಶಿ, ಅಂದರೆ ಹೆಚ್ಚು ಹೊತ್ತು ಹಬೆಯಲ್ಲಿ ಬೇಯಿಸಿದ ಸೆಂಚಾ. ಮಾಮೂಲಿ ಸೆಂಚಾಕ್ಕೆ ಹಬೆ ಅರ್ಧ ನಿಮಿಷವಾದರೆ ಇದಕ್ಕೆ ಒಂದು ನಿಮಿಷದ ಮೇಲೆ. ಎಲೆ ಮೆತ್ತಗಾಗಿ, ಮುಂದೆ ತಿಕ್ಕಿ ಒಣಗಿಸುವಾಗ ಚೂರಾಗುತ್ತದೆ. ಚೂರು ಹೆಚ್ಚಾದಷ್ಟೂ ರಸ ಬೇಗ ಬಿಡುತ್ತದೆ. ಹಾಗಾಗಿ ಇದಕ್ಕೆ 30–40 ಸೆಕೆಂಡು ಸಾಕು, ಮಾಮೂಲಿ ಸೆಂಚಾಕ್ಕಾದರೆ ಒಂದು ನಿಮಿಷ. ಲೋಟದಲ್ಲಿ ಕದಡಿದ ದಟ್ಟ ಹಸಿರು ಕಂಡರೆ ಗಾಬರಿ ಬೇಡ, ಫುಕಾಮುಶಿ ಇರುವುದೇ ಹಾಗೆ. ತೊಂದರೆ ಬೇರೆಯದು: ಆ ಪುಡಿ ಕ್ಯೂಸುವಿನ ಮೂತಿಯ ಜಾಲರಿಯನ್ನು ಮುಚ್ಚಿಬಿಡುತ್ತದೆ, ಚಹಾ ಸಲೀಸಾಗಿ ಇಳಿಯದೆ ಒಳಗೇ ನಿಂತು ಕಹಿಯಾಗುತ್ತದೆ. ಫುಕಾಮುಶಿ ಕುಡಿಯುವವರು ಒಳಸುತ್ತೆಲ್ಲ ಸಣ್ಣ ಸ್ಟೀಲ್ ಜಾಲರಿ ಇರುವ ಕ್ಯೂಸು ಕೊಳ್ಳುವುದು ಇದಕ್ಕೇ.

ಬಗ್ಗಿಸುವಾಗ ಆಕೆ ಒಂದು ಲೋಟ ತುಂಬಿಸಿ ಇನ್ನೊಂದಕ್ಕೆ ಹೋಗಲಿಲ್ಲ. ಇದಕ್ಕಿಷ್ಟು ಅದಕ್ಕಿಷ್ಟು, ಮತ್ತೆ ಅದಕ್ಕಿಷ್ಟು ಇದಕ್ಕಿಷ್ಟು. ಮೊದಲು ಬೀಳುವುದು ನೀರುನೀರು, ಕೊನೆಗೆ ಬೀಳುವುದು ಗಟ್ಟಿ. ಹೀಗೆ ಹಂಚಿದರೆ ಎರಡೂ ಒಂದೇ ಹದ. ಕೊನೆಯ ಹನಿಯವರೆಗೆ ಬಗ್ಗಿಸಿ, ಕ್ಯೂಸುವಿನ ಬೆನ್ನಿಗೆ ಮೆಲ್ಲಗೆ ತಟ್ಟಿ ಮೂತಿಗೆ ಅಂಟಿದ ಎಲೆಯನ್ನು ಹಿಂದಕ್ಕೆ ಬೀಳಿಸಿ, ಮುಚ್ಚಳ ತೆಗೆದಿಟ್ಟರು. ಎರಡನೇ ಲೋಟ ಕೆಡುವುದು ಇಲ್ಲೇ. ತಳದಲ್ಲಿ ನೀರು ಉಳಿದರೆ ಎಲೆ ಅದರಲ್ಲೇ ನೆನೆಯುತ್ತದೆ, ಮುಚ್ಚಳ ಹಾಕಿಟ್ಟರೆ ಬಿಸಿಗೆ ಇನ್ನಷ್ಟು ಬೇಯುತ್ತದೆ. ಎರಡನೇ ಸಲ ನೀರು ಇನ್ನೂ ಬಿಸಿ ಇರಲಿ, ಆದರೆ ಕಾಯುವುದು 10 ಸೆಕೆಂಡು. ಎಲೆ ಆಗಲೇ ಬಿಚ್ಚಿಕೊಂಡಿರುತ್ತದೆ.

ಹುಡುಗ ಕುಡಿದ. "ಇದು ಅದೇ ಪಾಕೀಟಿಂದೇನ್ರೀ?" ಅಂದ. ಪಕ್ಕದ ಮಹಾಶಯರು ಗೆದ್ದವರಂತೆ ತಲೆದೂಗಿದರು.

ಆಗ ಆಕೆ ಮಾಡಿದ ಕೆಲಸವೇ ಈ ಬರಹಕ್ಕೆ ಕಾರಣ. ಬಗ್ಗಿ ಕೆಳಗಿನ ಹಲಗೆಯಿಂದ ಒಂದು ದೊಡ್ಡ ಅಗ್ಗದ ಚೀಲ ತೆಗೆದರು. ಬಾಂಚಾ, ಅಂದರೆ ಎಳೆ ಕೊಯ್ಲಾದ ಮೇಲೆ ಉಳಿದ ಬಲಿತ ಎಲೆ. ದೊಡ್ಡ ಕುಡಿಕೆಗೆ ಕೈತುಂಬ ಹಾಕಿ, ಕೆಟಲನ್ನು ಇನ್ನೊಮ್ಮೆ ಕುದಿಸಿ, ಕೊತಕೊತ ಕುದಿಯುತ್ತಿದ್ದ ನೀರನ್ನು ನೇರ ಎಲೆಯ ಮೇಲೆ ಸುರಿದು, ಅರ್ಧ ನಿಮಿಷಕ್ಕೆ ಬಗ್ಗಿಸಿದರು. ಹುಡುಗನತ್ತ ಕೈ ತೋರಿಸಿ, "ಇದಕ್ಕೆ ನೀವು ಮಾಡಿದ್ದೇ ಸರಿ" ಎಂದರು. 70 ಡಿಗ್ರಿಯವರು ಚೀಲದ ಮೇಲಿನ ಬೆಲೆ ಓದುವುದರಲ್ಲಿ ಮಗ್ನರಾದರು. ಆಕೆಗೂ ಸ್ವಲ್ಪ ನಾಟಕದ ಖಯಾಲಿ ಇತ್ತೆನ್ನಿ. ಆ ಚೀಲ ತೆಗೆಯುವ ಅಗತ್ಯವೇ ಇರಲಿಲ್ಲ.

ಕಾರಣ ಎಲೆಯೊಳಗಿದೆ. ಥಿಯನೈನ್ ಎಂಬ ಅಮೈನೋ ಆಮ್ಲ ಬೇರಿನಲ್ಲಿ ಹುಟ್ಟಿ ಚಿಗುರಿಗೆ ಏರುತ್ತದೆ, ಬಿಸಿಲು ಬಿದ್ದಂತೆ ಕ್ಯಾಟಚಿನ್ ಆಗಿ ಮಾರ್ಪಡುತ್ತ ಹೋಗುತ್ತದೆ. ಚಳಿಗಾಲವೆಲ್ಲ ಕೂಡಿಟ್ಟುಕೊಂಡು ಏಪ್ರಿಲ್ ಕೊನೆ, ಮೇ ಹೊತ್ತಿಗೆ ಬರುವ ಮೊದಲ ಕೊಯ್ಲಿನಲ್ಲಿ ಥಿಯನೈನ್ ಹೆಚ್ಚು. ಅದೇ ಆ ಸಾರಿನಂಥ ಸವಿ. ಅದು ಉಗುರುಬೆಚ್ಚಗಿನ ನೀರಿಗೂ ಇಳಿಯುತ್ತದೆ. ಕಹಿ, ಒಗರು ಕೊಡುವ ಕ್ಯಾಟಚಿನ್, ಕೆಫೀನ್ ಜೋರಾಗಿ ಇಳಿಯುವುದು 80 ಡಿಗ್ರಿಯ ಮೇಲೆ. ನೀರು ತಣಿಸುವುದೆಂದರೆ ಒಂದನ್ನು ಬರಮಾಡಿಕೊಂಡು ಇನ್ನೊಂದನ್ನು ಬಾಗಿಲಲ್ಲೇ ತಡೆಯುವುದು. ಬಲಿತ ಬಾಂಚಾದಲ್ಲಿ ಕಾಯುವಂಥ ಥಿಯನೈನೂ ಇಲ್ಲ, ಅಂಜುವಂಥ ಕೆಫೀನೂ ಇಲ್ಲ. ಇರುವುದು ಘಮ. ಅದು ಏಳಬೇಕಾದರೆ ಕುದಿನೀರೇ ಬೇಕು. ಹುರಿದ ಹೋಜಿಚಾ, ಹುರಿದ ಅಕ್ಕಿ ಬೆರೆತ ಗೆನ್ಮೈಚಾ ಎರಡಕ್ಕೂ ಇದೇ ನ್ಯಾಯ. ಕ್ಯೋಟೊದ ಮನೆಗಳಲ್ಲಿ ಹೊಗೆವಾಸನೆಯ ಕ್ಯೋಬಾಂಚಾವನ್ನು ಕೆಟಲಿಗೇ ಹಾಕಿ ಕುದಿಸುತ್ತಾರೆ, ಮಕ್ಕಳಿಗೂ ಕೊಡುತ್ತಾರೆ. ಇವನ್ನೆಲ್ಲ 70 ಡಿಗ್ರಿಯಲ್ಲಿ ಹಾಕಿದರೆ ಲೋಟದಲ್ಲಿ ಬಣ್ಣದ ನೀರು ಮಾತ್ರ.

ಹುಬ್ಬಳ್ಳಿ ಹುಡುಗನ ಪ್ರಶ್ನೆಯನ್ನು ಜಪಾನಿನ ಬಡವರೂ ಶತಮಾನಗಟ್ಟಲೆ ಕೇಳಿರಬೇಕು. ಮಾಚಾದ, ಅಂದರೆ ನುಣ್ಣಗೆ ಬೀಸಿದ ಹಸಿರು ಚಹಾಪುಡಿಯ, ವೈಭೋಗ ಉಳ್ಳವರ ಮನೆಯದು. ಹಳ್ಳಿಗರ ಒಲೆಯ ಮೇಲೆ ಕುದಿಯುತ್ತಿದ್ದದ್ದು ಕಂದುಬಣ್ಣದ ಒರಟು ಚಹಾ. ಚಿಗುರನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಹಾಸಿನ ಮೇಲೆ ಕೈಯಿಂದ ತಿಕ್ಕುತ್ತ ಒಣಗಿಸಿ ಹಸಿರನ್ನು ಹಸಿರಾಗಿಯೇ ಉಳಿಸುವ ಸೆಂಚಾ ವಿಧಾನವನ್ನು ಕ್ಯೋಟೊ ಬಳಿಯ ಉಜಿತವಾರಾದ ನಾಗಾತಾನಿ ಸೋಎನ್ ರೂಢಿಸಿದ್ದು 1738ರಲ್ಲಿ. ನೀರು ತಣಿಯಲೆಂದು ಕಾಯುವ ಶಿಸ್ತೆಲ್ಲ ಅದರ ಹಿಂದೆ ಬಂದದ್ದು. ಅದನ್ನೇ ಸನಾತನ ಧರ್ಮದಂತೆ ಹೇರುವವರು ಈ ತಾರೀಖನ್ನೂ ಬಾಯಿಪಾಠ ಮಾಡಿಕೊಳ್ಳಲಿ.

ಈಗಂತೂ ಗಾಳಿ ಮತ್ತೆ ಮಾಚಾದ ಕಡೆ ತಿರುಗಿದೆ. 2025ರಲ್ಲಿ ಮಾಚಾಕ್ಕೆ ಬೀಸುವ ತೆಂಚಾ ಎಲೆಯ ದರ ನೆಗೆದಾಗ ಬೆಳೆಗಾರರು ಸೆಂಚಾ ಬಿಟ್ಟು ಅದರತ್ತ ವಾಲಿದರು, ದಿನಬಳಕೆಯ ಸೆಂಚಾವೂ ತುಟ್ಟಿಯಾಯಿತು. ಅದಕ್ಕೂ ಮೊದಲು, 2024ರಲ್ಲಿ, ಸಪಾಟು ತೋಟ, ದೊಡ್ಡ ಯಂತ್ರಗಳ ಕಾಗೋಶಿಮಾ ಪ್ರಾಂತ್ಯ ಒಟ್ಟು ಚಹಾ ಉತ್ಪಾದನೆಯಲ್ಲಿ ಶಿಜುಓಕಾವನ್ನು ಹಿಂದಿಕ್ಕಿತ್ತು. ಇನ್ನೊಂದು ಕಡೆ ಬಾಟಲಿ ಚಹಾ. ಕ್ಯೂಸುವೇ ಇಲ್ಲದ ಎಳೆಯರ ಮನೆಗಳು ಟೋಕಿಯೊದಲ್ಲಿ ಬೇಕಾದಷ್ಟು. ಅಂಥ ಮನೆಯ ಹುಡುಗರೂ "ಮತ್ತೆ ಹೇಗೆ ಹಾಕುವುದು?" ಎಂದು ಈ ಅಂಗಡಿಗೆ ಬರುತ್ತಾರಂತೆ. ಅವರಿಗೆ ದುಭಾಷಿ ಬೇಕಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಊರಿಗೆ ಪೊಟ್ಟಣ ಒಯ್ಯುವವರಿಗೆ ಎರಡು ಮಾತು. ಇಲ್ಲಿನ ನಲ್ಲಿ ನೀರು ಮೆದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದೇ ಎಲೆ ಮಂಕಾಗಿ, ಬಣ್ಣ ಕಂದಿ, ಸವಿ ಸತ್ತಂತಾಗುತ್ತದೆ. ಆಗ ಎಲೆಯನ್ನು ಬೈಯಬೇಡಿ, ಫಿಲ್ಟರ್ ನೀರು ಬಳಸಿ. ಒಡೆದ ಪೊಟ್ಟಣಕ್ಕೆ ಗಾಳಿ, ಬೆಳಕು, ತೇವ, ಮಸಾಲೆ ಡಬ್ಬಿಯ ವಾಸನೆ ಎಲ್ಲವೂ ಶತ್ರು. ಬಿಗಿ ಡಬ್ಬಿಯಲ್ಲಿಟ್ಟು ತಿಂಗಳೊಳಗೆ ಮುಗಿಸಬೇಕು. ಒಡೆಯದ ಪೊಟ್ಟಣವನ್ನು ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರತೆಗೆದ ಕೂಡಲೇ ಕತ್ತರಿಸಬೇಡಿ. ತಣ್ಣನೆಯ ಎಲೆಗೆ ತೇವ ಹಿಡಿಯುತ್ತದೆ. ಕೋಣೆಯ ಬಿಸಿಗೆ ಬರುವ ತನಕ ಬಿಡಿ.

ಆಕೆ ಪೊಟ್ಟಣ ವಾಪಸ್ ತಗೊಳ್ಳಲಿಲ್ಲ, ಹುಡುಗ ಮತ್ತೆ ಕೇಳಲೂ ಇಲ್ಲ. ಬೆಳಿಗ್ಗೆ ಆಫೀಸಿಗೆ ಓಡುವವನಿಗೆ ಲೋಟದಿಂದ ಲೋಟಕ್ಕೆ ಸುರಿಯುವ ಪುರಸೊತ್ತೆಲ್ಲಿ ಎಂದು ಅವರೇ ಊಹಿಸಿ ದಾರಿ ಹೇಳಿಕೊಟ್ಟರು: ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಎಲೆ, ಫ್ರಿಜ್ಜಿನಲ್ಲಿ ಮೂರರಿಂದ ಆರು ಗಂಟೆ. ನೀರು ತಣ್ಣಗಿರುವುದರಿಂದ ಕಹಿ ಇಳಿಯುವ ಭಯವೇ ಇಲ್ಲ, ಸವಿ ನಿಧಾನಕ್ಕೆ ಇಳಿಯುತ್ತದೆ. ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ಸಿದ್ಧ. ಎಲೆ ಸೋಸಿ ತೆಗೆದು, ಅದೇ ದಿನ ಕುಡಿದು ಖಾಲಿ ಮಾಡಬೇಕು.