ಬಿಳಿ ಗೋಡೆ, ರಾಕೆಟ್‌ನಲ್ಲಿದ್ದ ಮಗು

ಮೊನ್ನೆ ರಾತ್ರಿ ನಾವು ಮೂರು ಜನ ಕಾಲ್‌ನಲ್ಲಿ ಕೂತು ಹತ್ತಿರ ಹತ್ತಿರ ಎರಡೂವರೆ ಗಂಟೆ ಮಾತಾಡಿದ್ದು ಒಂದೇ ಒಂದು ಕಾಮಿಕ್ಸ್ ಸಂಚಿಕೆ ಬಗ್ಗೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಾಮಿಕ್ಸ್ ಮಾಡೋ ಡಿಸಿ ಕಂಪನಿಯ ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್, ಮೊದಲನೇ ಸಂಚಿಕೆ. ನಂಗೂ ಇನ್ನೊಬ್ಬ ಗೆಳೆಯಂಗೂ ಅದು ಎಷ್ಟನೇ ಸಲವೋ ಲೆಕ್ಕ ಇಲ್ಲ, ಮೂರನೆಯವನಿಗೆ ಮಾತ್ರ ಮೊದಲ ಸಲ. ಸಿನಿಮಾ ನೋಡ್ಕೊಂಡು ಈ ಕಡೆ ಬಂದವನು ಅವನು, ಕಾಮಿಕ್ಸ್ ಓದೋಕೆ ಶುರು ಮಾಡಿ ಇನ್ನೂ ಆರು ತಿಂಗಳೂ ಆಗಿಲ್ಲ, ಹಂಗಾಗಿ ನಮಗಿಬ್ಬರಿಗೂ ಒಳಗೊಳಗೇ ಭಯ ಇತ್ತು, ಇವನಿಗೆ ಅರ್ಥ ಆಗುತ್ತಾ, ಅರ್ಧಕ್ಕೆ ಬಿಟ್ಟು ಹೋಗ್ತಾನಾ ಅಂತ. ಯಾಕಂದ್ರೆ 1961ರಲ್ಲಿ ಹೊಸ ಫ್ಲ್ಯಾಶ್ ಬ್ಯಾರಿ ಆಲನ್ ಇನ್ನೊಂದು ಭೂಮಿಗೆ ಹೋಗಿ ಹಳೇ ಫ್ಲ್ಯಾಶ್ ಜೇ ಗ್ಯಾರಿಕ್‌ನ ಭೇಟಿ ಆದಾಗಿಂದ ಡಿಸಿಯವರು ಭೂಮಿ ಮೇಲೆ ಭೂಮಿ ಸೇರಿಸ್ತಾನೇ ಹೋದ್ರು, ಅದನ್ನೆಲ್ಲ ಒಟ್ಟು ಮಾಡಿ ಒಂದೇ ಭೂಮಿ ಮಾಡೋಣ ಅಂತ 1985ರಲ್ಲಿ ಶುರು ಮಾಡಿದ 12 ಸಂಚಿಕೆಯ ಕಥೆ ಇದು, ಅಂದ್ರೆ 24 ವರ್ಷದ ಗಂಟು ಬಿಚ್ಚೋ ಕೆಲಸ, ಹೊಸಬನಿಗೆ ಇದನ್ನ ಮೊದಲಿಗೇ ಕೊಡೋದು ಸರಿನಾ ಅಂತ ನಾವಿಬ್ರು ವಾರದಿಂದ ಚರ್ಚೆ ಮಾಡಿದ್ವಿ.

ಓದಿ ಮುಗಿಸಿ ಅವನು ಹೇಳಿದ್ದು ಇಷ್ಟು: "ಇದರಲ್ಲಿ ಅರ್ಧ ಜನ ಯಾರು ಅಂತಾನೇ ನಂಗೆ ಗೊತ್ತಿಲ್ಲ ಕಣೋ, ಆದ್ರೆ ಆ ಮಗೂನ ರಾಕೆಟ್‌ನಲ್ಲಿ ಕಳಿಸ್ತಾರಲ್ಲ, ಅಲ್ಲಿ ಗಂಟಲು ಕಟ್ಕೊಂಡ್ಬಿಡ್ತು."

ಅವತ್ತಿಂದ ನನ್ನ ತಲೇಲಿ ಇದೇ ಓಡ್ತಾ ಇದೆ. ಯಾರೂ ಪರಿಚಯ ಇಲ್ಲದೇ ಇದ್ರೂ ಗಂಟಲು ಕಟ್ಟೋ ಹಾಗೆ ಹೆಂಗೆ ಬರೆದ್ರು ಇವರು? ಇವೆಂಟ್ (ಒಂದು ಕಂಪನಿಯ ಹೀರೋಗಳೆಲ್ಲ ಸೇರೋ ದೊಡ್ಡ ಕಥೆ) ಅಂದ್ರೆ ಸಾಮಾನ್ಯವಾಗಿ ಮೊದಲ ಸಂಚಿಕೇಲಿ ಆಕಾಶ ಕೆಂಪಾಗುತ್ತೆ, ಎಲ್ಲಾ ಹೀರೋಗಳೂ ಒಂದೇ ಪೇಜಲ್ಲಿ ನಿಂತ್ಕೋತಾರೆ, ಯಾರೋ ಒಬ್ಬ ಬಂದು ಎಲ್ಲಾ ಮುಗೀತು ಅಂತಾನೆ, ನಾವು ಮುಂದಿನ ಸಂಚಿಕೆ ಬೇಕು ಅಂತೀವಿ. ಈ ಪುಸ್ತಕದಲ್ಲೂ ದೊಡ್ಡದು ಇದೆ. ಮಾರ್ವ್ ವುಲ್ಫ್‌ಮನ್ ಕಥೆ ಶುರು ಮಾಡೋದೇ ವಿಶ್ವ ಹುಟ್ಟಿದ ಕ್ಷಣದಿಂದ. ಆದ್ರೆ ಆಮೇಲೆ ಆತ ನಮ್ಮನ್ನ ಕರ್ಕೊಂಡು ಹೋಗೋದು ಸೂಪರ್‌ಮ್ಯಾನ್ ಮನೆಗೂ ಅಲ್ಲ ಬ್ಯಾಟ್‌ಮ್ಯಾನ್ ಗುಹೆಗೂ ಅಲ್ಲ, ಅರ್ಥ್-3ಕ್ಕೆ, ಎಲ್ಲಾ ತಿರುವುಮುರುವಾಗಿರೋ ಭೂಮಿಗೆ. ಅಲ್ಲಿ ಸೂಪರ್‌ಮ್ಯಾನ್ ಜಾಗದಲ್ಲಿ ಇರೋ ಅಲ್ಟ್ರಾಮ್ಯಾನ್ ದುಷ್ಟ, ಅವನ ಜೊತೆಗೆ ಸೂಪರ್‌ವುಮನ್, ಔಲ್‌ಮ್ಯಾನ್, ಪವರ್ ರಿಂಗ್, ಜಾನಿ ಕ್ವಿಕ್, ಕ್ರೈಮ್ ಸಿಂಡಿಕೇಟ್ ಅಂತ ಅವರ ಗ್ಯಾಂಗು. ಒಳ್ಳೆಯವನು ಅಂತ ಆ ಇಡೀ ಪ್ರಪಂಚಕ್ಕೆ ಇರೋದು ಒಬ್ಬನೇ ಹೀರೋ, ಲೆಕ್ಸ್ ಲೂಥರ್.

ನಮ್ಮ ಹೊಸ ಗೆಳೆಯ ಇಲ್ಲಿ ನಿಲ್ಲಿಸಿ ಕೇಳಿದ, "ಲೂಥರ್ ವಿಲನ್ ಅಲ್ವಾ?" ಅಂತ. ಅಲ್ಲಿ ಅಲ್ಲ ಅಂದೆ. "ಓ" ಅಂದು ಮುಂದೆ ಓದಿದ. ಅಷ್ಟೇ ಸಾಕಾಯ್ತು ಅವನಿಗೆ.

ಆ ಭೂಮೀನ ಮುಟ್ಟಿದ್ದನ್ನೆಲ್ಲ ಇಲ್ಲ ಮಾಡೋ ಆಂಟಿಮ್ಯಾಟರ್ ತಿನ್ಕೊಂಡು ಬರುತ್ತೆ, ಅದನ್ನ ಜಾರ್ಜ್ ಪೆರೆಜ್ ಹೆಂಗೆ ಬಿಡಿಸಿದಾರೆ ಅಂತ ಸ್ವಲ್ಪ ನಿಧಾನಕ್ಕೆ ನೋಡಿ. ಪೆರೆಜ್ ಅಂದ್ರೆ ಒಂದು ಪ್ಯಾನೆಲ್‌ನಲ್ಲಿ ನೂರು ಕಿಟಕಿ ಇರೋ ಕಟ್ಟಡ ಇದ್ರೆ ನೂರೂ ಕಿಟಕಿ ಬಿಡಿಸೋ ಮನುಷ್ಯ, ಕಲ್ಲು ಒಡೆದ್ರೆ ಒಂದೊಂದು ಚೂರೂ ಬೇರೆ ಬೇರೆ ಕಾಣ್ಬೇಕು ಆತನಿಗೆ. ಅಂಥವರ ಪೇಜಲ್ಲಿ ಪ್ರಳಯ ಅನ್ನೋದು ಏನೂ ಬಿಡಿಸದೇ ಬಿಟ್ಟಿರೋ ಜಾಗ. ಬೆಂಕಿ ಇಲ್ಲ, ರಾಕ್ಷಸ ಇಲ್ಲ, ಬರೀ ಬಿಳಿ. ಅಷ್ಟೊಂದು ಗೆರೆ ತುಂಬಿರೋ ಊರಿನ ಮೇಲೆ ಒಂದು ಖಾಲಿ ಬಿಳಿ ಗೋಡೆ ನಡ್ಕೊಂಡು ಬರ್ತಾ ಇರುತ್ತೆ, ಅದು ಮುಟ್ಟಿದ ಕಡೆ ಗೆರೆ ಇರಲ್ಲ, ಕಾಗದಾನೇ ಚಿತ್ರಾನ ತಿಂದಂಗೆ ಕಾಣುತ್ತೆ. ನಾನು ಎಷ್ಟು ಸಲ ನೋಡಿದ್ರೂ ಆ ಅಂಚಿನ ಹತ್ರ ಕಣ್ಣು ನಿಂತ್ಬಿಡುತ್ತೆ. ಆ ಬಿಳಿ ಕಡೆಗೆ ಅಲ್ಟ್ರಾಮ್ಯಾನ್ ನೇರ ಹಾರ್ತಾನೆ, ಗೆಲ್ಲಲ್ಲ ಅಂತ ಗೊತ್ತಿದ್ದೂ ಹಾರ್ತಾನೆ, ಜೀವನ ಪೂರ್ತಿ ಜನರನ್ನ ಹಿಂಡಿದವನು ಕೊನೇಲಿ ಹೋರಾಡ್ತಾ ಸಾಯ್ತೀನಿ ಅಂತ ಹೊರಡೋದು, ಕೆಟ್ಟವನಿಗೆ ಇಷ್ಟು ಗೌರವದ ಸಾವು ಕೊಟ್ಟಿರೋ ಕಾಮಿಕ್ಸ್ ನಾನು ಓದಿರೋದು ಕಮ್ಮಿ.

ಅದೇ ಹೊತ್ತಲ್ಲಿ ಲೂಥರ್ ಮತ್ತೆ ಅವನ ಹೆಂಡತಿ ಲೋಯಿಸ್ ಸೇರಿ ಮಗ ಅಲೆಕ್ಸಾಂಡರ್‌ನ ರಾಕೆಟ್‌ನಲ್ಲಿ ಇಟ್ಟು ಬೇರೆ ಭೂಮಿಗೆ ಕಳಿಸ್ತಾರೆ. ಸೂಪರ್‌ಮ್ಯಾನ್ ಹುಟ್ಟಿದ ಕ್ರಿಪ್ಟಾನ್ ಗ್ರಹದ ಕಥೆ ಗೊತ್ತಿಲ್ಲದವರು ಯಾರಿದಾರೆ ಹೇಳಿ, ಸಾಯ್ತಿರೋ ಗ್ರಹ, ಅಪ್ಪ, ಅಮ್ಮ, ಹಸುಗೂಸು, ರಾಕೆಟ್. ಅದೇ ಕಥೇನ ಲೂಥರ್ ಮನೇಲಿ ನಡೆಸಿದಾರೆ. ಕಂಟಿನ್ಯುಟಿ, ಅಂದ್ರೆ ಹಿಂದಿನ ಕಥೆಗಳ ಕೊಂಡಿ ಗೊತ್ತಿರೋರಿಗೆ ಆ ಹೆಸರುಗಳು ಚುಚ್ಚುತ್ತೆ, ಗೊತ್ತಿಲ್ಲದೋರಿಗೆ ಅಪ್ಪ ಅಮ್ಮ ಮಗು ಸಾಕು. ನನ್ನ ಪ್ರಕಾರ ಒಂದು ಇವೆಂಟಿನ ಶುರು ಮಾಡ್ಬೇಕಾದ ಕೆಲಸ ಇದೇನೇ, ಕೋಟಿಗಟ್ಲೆ ಜನ ಸತ್ರು ಅಂತ ಹೇಳೋದಕ್ಕಿಂತ ಮುಂಚೆ ಒಂದು ಮನೆ ತೋರಿಸ್ಬೇಕು.

ಇಲ್ಲೇ ಜಗಳ ಶುರುವಾಗಿದ್ದು. ನನ್ನ ಹಳೇ ಗೆಳೆಯ ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನ ಅಭಿಮಾನಿ, ಅವನಿಗೆ 1984ರ ಸೀಕ್ರೆಟ್ ವಾರ್ಸ್ ಅಂದ್ರೆ ಜೀವ. "ಒಂದು ಮನೆ ಎರಡು ಮನೆ ಅಂತ ಕೂತ್ರೆ ಆಟ ಯಾವಾಗ ಶುರುವಾಗೋದು ಮಾರಾಯ" ಅಂತ ಅವನ ವಾದ. ಜಿಮ್ ಶೂಟರ್ ಬರೆದಿದ್ದು, ಮೈಕ್ ಝೆಕ್ ಚಿತ್ರ, ಮ್ಯಾಟೆಲ್ ಕಂಪನಿಯ ಗೊಂಬೆಗಳ ಜೊತೆ ಜೊತೆಗೇ ಬಂದ ಕಥೆ ಅನ್ನೋದೂ ನಿಜ, ಆದ್ರೆ ಅವನು ಹೇಳೋದ್ರಲ್ಲಿ ಅರ್ಥ ಇದೆ, ಅದರ ಮೊದಲ ಸಂಚಿಕೇಲಿ ಹೀರೋಗಳು ಆಗ್ಲೇ ಬಾಹ್ಯಾಕಾಶದಲ್ಲಿ ಇರ್ತಾರೆ, ಇನ್ನೊಂದು ಕಡೆ ವಿಲನ್‌ಗಳು, ಬಿಯಾಂಡರ್ ಅಂತ ಒಂದು ಶಕ್ತಿ ಬಂದು ಶತ್ರುಗಳನ್ನ ಕೊಂದ್ರೆ ಕೇಳಿದ್ದೆಲ್ಲ ಕೊಡ್ತೀನಿ ಅನ್ನುತ್ತೆ, ಮುಗೀತು, ಆಟ ಶುರು. ಅದರಲ್ಲಿ ನಂಗೂ ಇಷ್ಟ ಆಗೋ ಒಂದು ವಿಷ್ಯ ಇದೆ, ಎಕ್ಸ್-ಮೆನ್ ಹಳೇ ಶತ್ರು ಮ್ಯಾಗ್ನೆಟೋನ ಹೀರೋಗಳ ಗುಂಪಲ್ಲಿ ಇಟ್ಟಿರೋದು. ಯಾರೂ ಭಾಷಣ ಮಾಡಲ್ಲ, ಅವನು ಆ ಕಡೆ ಇದಾನೆ ಅಷ್ಟೇ, ಅದನ್ನ ನೋಡಿದ ತಕ್ಷಣ ಅವೆಂಜರ್ಸ್ ಒಂದು ಥರ ಎಕ್ಸ್-ಮೆನ್ ಒಂದು ಥರ ಆಗ್ತಾರೆ, ಗುಂಪು ಒಳಗಿಂದ್ಲೇ ಬಿರುಕು ಬಿಡುತ್ತೆ. ಅದನ್ನ ನಾನು ಒಪ್ಕೊಂಡೆ. ಉಳಿದಿದ್ದು ಒಪ್ಪಿಲ್ಲ.

1991ರ ಇನ್ಫಿನಿಟಿ ಗಾಂಟ್ಲೆಟ್ ಬಗ್ಗೆ ಮಾತ್ರ ಮೂರೂ ಜನ ಒಂದೇ ಮಾತು. ವಿಲನ್ ಥ್ಯಾನೋಸ್ ಚಿಟಿಕೆ ಹೊಡೆದು ಅರ್ಧ ವಿಶ್ವ ಅಳಿಸೋದು ಸಿನಿಮಾದಲ್ಲಿ ಕೊನೇಲಿ, ಅದೂ 2018ರಲ್ಲಿ, ಅದಕ್ಕಿಂತ ಮುಂಚೆ ಹತ್ತು ವರ್ಷದ ಸಿನಿಮಾಗಳು. ಜಿಮ್ ಸ್ಟಾರ್ಲಿನ್ ಬರೆದ ಕಾಮಿಕ್ಸ್‌ನಲ್ಲಿ ಅದು ಮೊದಲ ಸಂಚಿಕೇಲೇ ಆಗೋಗುತ್ತೆ! ಆರು ಸಂಚಿಕೆಯ ಕಥೇಲಿ ಅರ್ಧ ವಿಶ್ವ ಮೊದಲನೇದ್ರಲ್ಲೇ ಖಾಲಿ. ಹೊಸ ಗೆಳೆಯ ಇದನ್ನ ಕೇಳಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, "ಹಂಗಾದ್ರೆ ಉಳಿದ ಐದರಲ್ಲಿ ಏನಿರುತ್ತೆ?" ಅಂದ. ಇದನ್ನೇ ತಾನೇ ಓದುಗನ ಬಾಯಿಂದ ಕೇಳಿಸ್ಬೇಕು.

ಮನೆ ತೋರಿಸೋದು ಅಂದ್ನಲ್ಲ, ಅದನ್ನ ಮಾರ್ವೆಲ್ ಚೆನ್ನಾಗಿ ಮಾಡಿದ್ದು 2006ರ ಸಿವಿಲ್ ವಾರ್‌ನಲ್ಲಿ. ಮಾರ್ಕ್ ಮಿಲ್ಲರ್, ಸ್ಟೀವ್ ಮೆಕ್‌ನಿವೆನ್. ಅಲ್ಲಿ ಬೇರೆ ಗ್ರಹದಿಂದ ಯಾರೂ ಬರಲ್ಲ. ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್, ಒಂದು ಸಾದಾ ಬೀದಿ, ನ್ಯೂ ವಾರಿಯರ್ಸ್ ಅನ್ನೋ ಹುಡುಗ್ರು ಟಿವಿ ರಿಯಾಲಿಟಿ ಶೋಗೋಸ್ಕರ ಕ್ಯಾಮೆರಾ ಇಟ್ಕೊಂಡು ತಮಗಿಂತ ದೊಡ್ಡ ವಿಲನ್‌ಗಳು ಇರೋ ಮನೆ ಮೇಲೆ ಬೀಳ್ತಾರೆ, ರೇಟಿಂಗ್ ಬೇಕು ಅವರಿಗೆ. ಅವರಲ್ಲೊಬ್ಬಳು ನಮೋರಿಟಾ ಅಟ್ಟಿಸ್ಕೊಂಡು ಹೋಗಿ ತಾನೇ ಸಿಡಿಯೋ ಶಕ್ತಿ ಇರೋ ವಿಲನ್ ನೈಟ್ರೋನ ಶಾಲೆ ಬಸ್ಸಿಗೆ ಒತ್ತಿ ಹಿಡೀತಾಳೆ, ಪಕ್ಕದಲ್ಲೇ ಮಕ್ಕಳು, ನೈಟ್ರೋ ಸಿಡೀತಾನೆ, ಆರುನೂರಕ್ಕೂ ಹೆಚ್ಚು ಜನ ಸಾಯ್ತಾರೆ. ಆಮೇಲೆ ಮಗನ್ನ ಕಳ್ಕೊಂಡ ಒಬ್ಬ ತಾಯಿ ಐರನ್ ಮ್ಯಾನ್ ಟೋನಿ ಸ್ಟಾರ್ಕ್ ಮುಖಕ್ಕೆ ಉಗೀತಾಳೆ. ನಂಗೆ ಆ ಇವೆಂಟಿನ ಕೊನೆ ಇಷ್ಟ ಇಲ್ಲ, ಮಧ್ಯದಲ್ಲಿ ಟೋನಿ ಮಾಡೋ ಕೆಲವು ಕೆಲಸ ಒಪ್ಪೋಕಾಗಲ್ಲ, ಆದ್ರೆ ಆ ತಾಯಿ ಉಗಿದಿದ್ದು ಇದೆಯಲ್ಲ, ಅದಾದ್ಮೇಲೆ ಹೀರೋಗಳು ಸರ್ಕಾರದಲ್ಲಿ ಹೆಸರು ನೋಂದಾಯಿಸ್ಬೇಕು ಅನ್ನೋ ಕಾನೂನಿನ ಕಡೆ ಟೋನಿ ಯಾಕೆ ಹೋದ ಅಂತ ನಂಗೆ ಯಾರೂ ಬಿಡಿಸಿ ಹೇಳೋದು ಬೇಕಾಗಿಲ್ಲ. ಅದೇ ಸಂಚಿಕೇಲಿ ಕ್ಯಾಪ್ಟನ್ ಅಮೆರಿಕಾಗೆ, ಕಾನೂನು ಇನ್ನೂ ಪಾಸೇ ಆಗಿಲ್ಲ, ಸ್ನೇಹಿತರನ್ನ ಹಿಡ್ಕೊಂಡು ಬಾ ಅಂತ ಶೀಲ್ಡ್ ಅನ್ನೋ ಭದ್ರತಾ ಸಂಸ್ಥೆಯ ಮರಿಯಾ ಹಿಲ್ ಹೇಳ್ತಾಳೆ, ಅವನು ಹೆಲಿಕ್ಯಾರಿಯರ್‌ನಿಂದ ಹಾರಿ ಫೈಟರ್ ಜೆಟ್ ಮೇಲೆ ನಿಂತು ಹೋಗ್ತಾನೆ. ಅವನ ಕಡೇನೂ ಸರಿ ಅನ್ಸುತ್ತೆ. ಒಂದೇ ಸಂಚಿಕೇಲಿ ಎರಡೂ ಕಡೆ ಸರಿ ಅನ್ಸೋ ಹಾಗೆ ಮಾಡೋದು ಸಣ್ಣ ವಿಷ್ಯ ಅಲ್ಲ.

ಇದರ ಎದುರಿಗೆ ನಂಗೆ ಇವತ್ತಿಗೂ ನೋವಾಗೋದು ಡಿಸಿಯ 2008ರ ಫೈನಲ್ ಕ್ರೈಸಿಸ್. ಗ್ರಾಂಟ್ ಮಾರಿಸನ್ ಬರೆದಿದ್ರಲ್ಲಿ ನಾನು ಪ್ರೀತಿಸೋದು ತುಂಬಾ ಇದೆ, ಆದಿಮಾನವನಿಗೆ ದೇವರಂಥ ಮೆಟ್ರಾನ್ ಬೆಂಕಿ ಕೊಡೋದ್ರಿಂದ ಶುರು ಮಾಡಿರೋದು ಎಷ್ಟು ಚೆಂದ. ಆದ್ರೆ ಅದೇ ಮೊದಲ ಸಂಚಿಕೇಲಿ ಹೀರೋ ಮಾರ್ಷಿಯನ್ ಮ್ಯಾನ್‌ಹಂಟರ್‌ನ ಲಿಬ್ರಾ ಅನ್ನೋ ವಿಲನ್ ಕೊಲ್ತಾನೆ, ಕೆಲವೇ ಪ್ಯಾನೆಲ್, ಉರಿಯೋ ಈಟಿ, ಮುಗೀತು. 1955ರಿಂದ ಇರೋ ಪಾತ್ರ ಅದು. ಅವನಿಗೋಸ್ಕರ ಅಳೋದಕ್ಕೆ ರೆಕ್ವಿಯಮ್ ಅಂತ ಬೇರೆ ಟೈ-ಇನ್, ಅಂದ್ರೆ ಇವೆಂಟಿಗೆ ಜೋಡಿಸಿದ ಪುಸ್ತಕ ಓದ್ಬೇಕು. ಹಳೇ ಗೆಳೆಯ ಹೇಳ್ತಾನೆ, ಅದು ಬೇಕಂತಲೇ ಮಾಡಿದ್ದು, ಕೆಟ್ಟದ್ದು ಗೆದ್ದ ದಿನ ಸಾವು ಹಂಗೇ ಇರುತ್ತೆ, ಯಾರಿಗೂ ಟೈಮ್ ಸಿಗಲ್ಲ ಅಂತ. ಇರಬಹುದು, ಅವನ ಮಾತು ನಂಗೆ ಅರ್ಥ ಆಗುತ್ತೆ. ಆದ್ರೆ ಅಳೋದಕ್ಕೆ ಆ ಪುಸ್ತಕದಲ್ಲೇ ಒಂದು ಪೇಜ್ ಕೊಡ್ಬೇಕಿತ್ತು ಅಂತಾನೇ ನಾನು ಹೇಳೋದು.

2015ರ ಸೀಕ್ರೆಟ್ ವಾರ್ಸ್ ಬಗ್ಗೆ ಬೇರೆ ಪೋಸ್ಟೇ ಬರೀಬೇಕು. ಜೊನಾಥನ್ ಹಿಕ್‌ಮನ್ ವರ್ಷಗಟ್ಲೆ ಕಟ್ಕೊಂಡು ಬಂದಿದ್ದು ಮೊದಲ ಸಂಚಿಕೇಲಿ ಎರಡು ಭೂಮಿ ಡಿಕ್ಕಿ ಹೊಡ್ಕೊಂಡು ಮುಗಿಯುತ್ತೆ, ಮಾರ್ವೆಲ್ ಯೂನಿವರ್ಸ್ 1961ರಿಂದ 2015 ಅಂತ ಸಮಾಧಿ ಕಲ್ಲಿನ ಮೇಲೆ ಬರೆದಂಗೆ ಬರೆದಿರ್ತಾರೆ. ಅಲ್ಲೂ ನಂಗೆ ಉಳ್ಕೊಂಡಿದ್ದು ಆ ಇಸವಿಗಿಂತ ಫೆಂಟಾಸ್ಟಿಕ್ ಫೋರ್ ತಂಡದ ರೀಡ್ ರಿಚರ್ಡ್ಸ್. ತಪ್ಪಿಸ್ಕೊಳ್ಳೋಕೆ ಹಡಗು ಕಟ್ಟಿದವನೇ ಅವನು, ಕಣ್ಣೆದುರೇ ಹೆಂಡತಿ ಮಕ್ಕಳಿದ್ದ ಭಾಗ ಕಳಚ್ಕೊಂಡು ಹೋಗುತ್ತೆ.

ಇನ್ನು ಮುಂದೆ ಓದೋರು ಕ್ರೈಸಿಸ್ ಓದಿಲ್ಲ ಅಂದ್ರೆ ಇಲ್ಲೇ ನಿಲ್ಲಿಸ್ಬಿಡಿ, ಕಥೆ ಹೇಳ್ಬಿಡ್ತೀನಿ.

ಆ ರಾಕೆಟ್‌ನಲ್ಲಿದ್ದ ಮಗು ಅಲೆಕ್ಸಾಂಡರ್ ಕೆಲವೇ ದಿನದಲ್ಲಿ ದೊಡ್ಡವನಾಗ್ತಾನೆ, 12 ಸಂಚಿಕೆ ಮುಗಿಯೋ ಹೊತ್ತಿಗೆ ವಿಶ್ವ ಉಳಿಸಿದವರಲ್ಲಿ ಅವನೂ ಒಬ್ಬ, ಕೊನೇಲಿ ಅರ್ಥ್-2ರ ವಯಸ್ಸಾದ ಸೂಪರ್‌ಮ್ಯಾನ್, ಅವನ ಲೋಯಿಸ್, ಇನ್ನೊಂದು ಭೂಮಿಯ ಸೂಪರ್‌ಬಾಯ್-ಪ್ರೈಮ್ ಜೊತೆಗೆ ಸ್ವರ್ಗದಂಥ ಜಾಗಕ್ಕೆ ಹೋಗ್ತಾನೆ. ಇಪ್ಪತ್ತು ವರ್ಷ ಆದ್ಮೇಲೆ 2005ರಲ್ಲಿ ಜೆಫ್ ಜಾನ್ಸ್ ಇನ್ಫಿನಿಟ್ ಕ್ರೈಸಿಸ್ ಬರೀತಾರೆ, ಅದರ ಮೊದಲ ಸಂಚಿಕೆ ಕೊನೇಲಿ ಆ ವಯಸ್ಸಾದ ಸೂಪರ್‌ಮ್ಯಾನ್ ಗೋಡೆ ಒಡ್ಕೊಂಡು ವಾಪಸ್ ಬರ್ತಾನೆ, ಹಿಂದೆ ಅಲೆಕ್ಸಾಂಡರ್. ಈ ಸಲ ಎಲ್ಲಾ ಅನಾಹುತಕ್ಕೂ ದಾರ ಹಿಡಿದಿರೋನು ಅವನೇ. ಒಂದು ಇವೆಂಟಿನ ಶುರುವಿನಲ್ಲಿ ಅಪ್ಪ ಅಮ್ಮ ಸಾಯ್ತಾ ಉಳಿಸಿ ಕಳಿಸಿದ ಮಗು ಇನ್ನೊಂದು ಇವೆಂಟಿನ ವಿಲನ್. ತಿರುವುಮುರುವಾದ ಭೂಮಿಯ ಒಳ್ಳೇ ಲೂಥರ್‌ನ ಮಗ ಕೊನೆಗೂ ನಮಗೆ ಗೊತ್ತಿರೋ ಲೂಥರ್ ಥರಾನೇ ಆಗೋಗ್ತಾನೆ. ಇದು ಗೊತ್ತಾದ್ಮೇಲೆ ವಾಪಸ್ ಹೋಗಿ ಮೊದಲ ಸಂಚಿಕೇಲಿ ಆ ತಾಯಿ ಮಗೂನ ಬಿಟ್ಟು ಕೊಡೋದನ್ನ ನೋಡಿದ್ರೆ ಎದೆ ಭಾರ ಆಗುತ್ತೆ ರೀ.

ಹೊಸ ಗೆಳೆಯನಿಗೆ ಇದು ಯಾವುದೂ ಗೊತ್ತಿಲ್ಲ. ನಾವಿಬ್ರೂ ಬಾಯಿ ಬಿಡಲ್ಲ ಅಂತ ಮಾತಾಡ್ಕೊಂಡಿದೀವಿ. ನಿನ್ನೆ ಮೆಸೇಜ್ ಹಾಕಿದ್ದ, ನಾಲ್ಕನೇ ಸಂಚಿಕೆ ಮುಗೀತು, ಆ ಅಲೆಕ್ಸಾಂಡರ್ ನಂಗೆ ತುಂಬಾ ಇಷ್ಟ ಆಗ್ತಿದಾನೆ, ಅವನಿಗೇನೂ ಆಗಲ್ಲ ತಾನೇ ಅಂತ. ಓದು, ಓದು ಅಂತಷ್ಟೇ ಬರೆದೆ. ಇನ್ನು ಮೂರು ಸಂಚಿಕೆ ಆದ್ರೆ ಅವನು ಏಳನೇದಕ್ಕೆ ಬರ್ತಾನೆ, ಸೂಪರ್‌ಗರ್ಲ್ ಸಾಯೋದಕ್ಕೆ. ಆ ರಾತ್ರಿ ಎಷ್ಟು ಹೊತ್ತಾದ್ರೂ ಸರಿ ಫೋನ್ ಮಾಡು ಅಂತ ಹೇಳಿಟ್ಟಿದೀನಿ.