ಅಮ್ಮನ ಮಂಡಿನೋವಿನ ಪುಡಿ

ಕೊರಟಗೆರೆಯಲ್ಲಿರುವ ಅಮ್ಮನಿಗೆ ಮಂಡಿನೋವು. ಹೋದ ಮಳೆಗಾಲದಲ್ಲಿ ಯಾರೋ ಹೇಳಿದರು ಅಂತ ಹಾಳೆಯಲ್ಲಿ ಕಟ್ಟಿದ ಕಂದು ಪುಡಿ ತಂದರು. ಹೆಸರಿಲ್ಲ, ಲೇಬಲ್ ಇಲ್ಲ. ಮೂರೇ ದಿನಕ್ಕೆ ನೋವು ಮಾಯ, ಹಸಿವೂ ಜಾಸ್ತಿ. ನಮಗೆಲ್ಲ ಖುಷಿಯೇ ಆಯ್ತು.

ನಾಲ್ಕು ತಿಂಗಳಲ್ಲಿ ಮುಖ ದುಂಡಗೆ ಊದಿಕೊಂಡಿತು, ಬಳೆ ಸ್ವಲ್ಪ ಒತ್ತಿದರೂ ಕೈ ಚರ್ಮ ನೀಲಿಗಟ್ಟುತ್ತಿತ್ತು, ಯಾವತ್ತೂ ಇಲ್ಲದ ಶುಗರ್ 280 ಬಂತು. ತುಮಕೂರಿನ ಡಾಕ್ಟರ್ ಮುಖ ನೋಡಿದ ಕೂಡಲೇ, 'ನೋವಿಗೆ ಏನು ಪುಡಿ ತಗೊಳ್ತಿದ್ದೀರಿ?' ಅಂದರು. ಸ್ಟೀರಾಯ್ಡ್ ಬೆರೆಸಿರಬೇಕಂತೆ. ನಾನು ಇವತ್ತೇ ಎಸೆದುಬಿಡ್ತೀನಿ ಅಂದರೆ ತಡೆದರು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನೇ ನಿಲ್ಲಿಸಬಹುದು, ದಿಢೀರನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಹಾಗಾಗಿ ಪ್ರಮಾಣ ಗೊತ್ತಿರುವ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು.

ಸೊಪ್ಪು ಬೇರು ಎಲ್ಲಾ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಊರ ಹತ್ತಿರದ ಸಿದ್ಧರಬೆಟ್ಟದ ಗಿಡಮೂಲಿಕೆ ನೋಡಿಕೊಂಡೇ ಬೆಳೆದವಳು. ಅಂಗಳದ ಕಾಶಿಕಣಗಿಲೆಯಿಂದಲೇ ಅಲ್ವಾ ವಿನ್‌ಕ್ರಿಸ್ಟಿನ್ ಸಿಕ್ಕಿದ್ದು? ಮಕ್ಕಳ ರಕ್ತ ಕ್ಯಾನ್ಸರ್‌ಗೆ ಇವತ್ತಿಗೂ ಅದು ಮುಖ್ಯ ಔಷಧ. ಆದರೆ ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಅದೇ ಗಿಡದ ಎಲೆಯನ್ನು ಶುಗರ್‌ಗೆ ಅಂತ ದಿನಾ ಬೆಳಗ್ಗೆ ಸುಮ್ನೆ ಅಗಿಯುವವರನ್ನು ನೋಡಿದರೆ ಭಯವಾಗುತ್ತದೆ.

ಅಮ್ಮನ ಮುಖ ಈಗ ಮೊದಲಿನ ಹಾಗಾಗಿದೆ. ಮಂಡಿನೋವು ವಾಪಸ್ ಬಂದಿದೆ. ದಿನಾ ಗೋಡೆ ಹಿಡಿದುಕೊಂಡು ಡಾಕ್ಟರ್ ಹೇಳಿಕೊಟ್ಟ ಕಾಲಿನ ವ್ಯಾಯಾಮ ಮಾಡುತ್ತಾರೆ.