ಸಿಂಹರಾಜದಲ್ಲಿ ಸಿಲೋನ್ ರೋಸ್: ಗೈಡ್ ಬೆರಳು ತೋರಿಸಿದ್ದೆಲ್ಲ ಅದಲ್ಲ

ಸಿಲೋನ್ ರೋಸ್ ಚಿಟ್ಟೆ ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಅಲ್ಲೂ ನೈಋತ್ಯದ ತಗ್ಗಿನ ಮಳೆಕಾಡುಗಳಲ್ಲಷ್ಟೇ. ಹಾಗಾಗಿ ಎಲ್ಲರೂ ಅಲ್ಲಿನ ಸಿಂಹರಾಜ ಕಾಡಿಗೇ ಹೋಗುತ್ತಾರೆ, ಮೋಸ ಹೋಗುವುದೂ ಅಲ್ಲೇ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಕೆಲವು ಗೈಡುಗಳಿಗೆ ಕೆಂಪು ಮೈಯ ಕಪ್ಪು ಚಿಟ್ಟೆ ಯಾವುದು ಹಾರಿದರೂ 'ಅದೇ ಸರ್'! ಎಷ್ಟೋ ಸಲ ಅದು ಕ್ರಿಮ್ಸನ್ ರೋಸ್. ಅದನ್ನು ನೋಡಲು ಸಮುದ್ರ ದಾಟಬೇಕಾಗಿಲ್ಲ, ನಮ್ಮ ಕಲಬುರಗಿ ಕಡೆಯೂ ಹಾರುತ್ತದೆ.

ಹಿಂದಿನ ರೆಕ್ಕೆ ನೋಡಿ. ಬಿಳಿಯೇ ಇಲ್ಲದೆ ಬರೀ ಕೆಂಪು ಚುಕ್ಕೆಗಳಿದ್ದರೆ ಕ್ರಿಮ್ಸನ್ ರೋಸ್. ನಡುವೆ ಸಣ್ಣ ಬಿಳಿ ಮಚ್ಚೆ ಇದ್ದರೆ ಕಾಮನ್ ರೋಸ್. ಬಿಳಿ ಉದ್ದಕ್ಕೆ, ಅಗಲಕ್ಕೆ ಹರಡಿ, ಅಂಚಿಗೆ ಕೆಂಪಿದ್ದು, ಚಿಟ್ಟೆಯೂ ದೊಡ್ಡದಿದ್ದರೆ ಸಿಲೋನ್ ರೋಸ್. ಹೂವಿನ ಮೇಲೆ ಕೂತಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ, ಕ್ಯಾಮೆರಾದ ಶಟರ್ ಸೆಕೆಂಡಿನ 1/1000ಕ್ಕಿಂತ ನಿಧಾನ ಇಟ್ಟರೆ ಚಿತ್ರ ಮಸುಕು. ಇದರ ಮರಿಹುಳು ತಿನ್ನುವುದು 'ತೊಟ್ಟಿಯ' (Thottea) ಎಂಬ ಗಿಡದ ಎಲೆ. 'ತೊಟ್ಟಿಯ ಎಲ್ಲಿದೆ?' ಅಂತ ಕೇಳಿ, ಗೈಡ್ ಎಷ್ಟು ಬಲ್ಲ ಅನ್ನೋದು ಅಲ್ಲೇ ತಿಳಿಯುತ್ತದೆ.

ಮುಂಬೈ–ಚೆನ್ನೈ ರೈಲು ಕಲಬುರಗಿ, ಯಾದಗಿರಿ ಹಾದೇ ಹೋಗುತ್ತದೆ. ಚೆನ್ನೈನಿಂದ ಕೊಲಂಬೊಗೆ ವಿಮಾನ ಒಂದೂವರೆ ತಾಸಿನೊಳಗೆ. ಬೀದರಿನವರಿಗೆ ಹೈದರಾಬಾದೇ ಹತ್ತಿರ. ಕೊಲಂಬೊದಿಂದ ಮುಂದೆ ಬಸ್ಸು: ರತ್ನಪುರ, ಕಲವಾನ, ವೆದ್ದಗಲ, ಕುಡಾವ. ಮುಂದಿನ ಸೀಟು ಭಿಕ್ಷುಗಳದ್ದು, ಕೂತರೆ ಎಬ್ಬಿಸುತ್ತಾರೆ. ದೊಡ್ಡ ಸೂಟ್‌ಕೇಸ್ ಒಯ್ದರೆ ಅದನ್ನು ತೊಡೆ ಮೇಲೆ ಇಟ್ಟುಕೊಂಡೇ ಕೂರಬೇಕಾದೀತು. ರತ್ನಪುರದಲ್ಲಿ ನೀಲದ ಕಲ್ಲು ಅಗ್ಗಕ್ಕೆ ಕೊಡ್ತೀವಿ ಅನ್ನುವವರತ್ತ ತಿರುಗಿಯೂ ನೋಡಬೇಡಿ. ಕಾಡಂಚಿನ ರೂಮಿನ ದರ ಡಾಲರಿನಲ್ಲಿ ಹೇಳಿದರೆ, ಜೀಪು ಮತ್ತು ಊಟ ಸೇರಿದೆಯೇ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ.

ಜನವರಿಯಿಂದ ಮಾರ್ಚ್ ಒಳ್ಳೆಯದು, ಆದರೂ ಮಳೆ ಬಂದೇ ಬರುತ್ತದೆ. ಅಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು, ನಮ್ಮಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಜೋಳದ ಹೊಲ ನೋಡಿ ಬೆಳೆದವರಿಗೆ ರಕ್ತ ಹೀರುವ ಇಂಬಳ ಹೊಸದು. ಪ್ಯಾಂಟನ್ನು ಇಂಬಳದ ಕಾಲುಚೀಲದೊಳಗೆ ಸೇರಿಸಿ, ಮೇಲೆ ಗಟ್ಟಿ ಕಟ್ಟಿ. ಉಪ್ಪು ಸವರಿಕೊಂಡರೆ ಮಳೆಗೆ ತೊಳೆದುಹೋಗುತ್ತದೆ. ಹತ್ತಿದ್ದನ್ನು ಎಳೆಯಬೇಡಿ, ಬಾಯಿಯ ಪಕ್ಕ ಉಗುರು ತೂರಿಸಿ ಸರಿಸಿ. ರಕ್ತ ಬೇಗ ನಿಲ್ಲದು, ಹೆದರಬೇಡಿ. ಬಿದ್ದ ಚಿಟ್ಟೆ ರೆಕ್ಕೆಯನ್ನೂ ಚೀಲಕ್ಕೆ ಹಾಕಬೇಡಿ, ಕೇಸಾಗುತ್ತದೆ.

ಊಟ ಮಾತ್ರ ಕಲವಾನದ ಸಣ್ಣ ಅಂಗಡಿಗಳಲ್ಲೇ ಮಾಡಿ. ಅನ್ನ, ತೆಂಗಿನಹಾಲಿನ ಬೇಳೆ, ಹಲಸಿನಕಾಯಿ ಪಲ್ಯ, ಖಾರದ ಕೊಬ್ಬರಿ ಚಟ್ನಿಯಂಥ ಸಂಬೋಲ್. ನಮ್ಮ ಶೇಂಗಾ ಹಿಂಡಿ ತಿಂದವರ ನಾಲಿಗೆಗೂ ಸಾಕೆನಿಸುವಷ್ಟು ಖಾರ, ರುಚಿಯಂತೂ ಹೇಳತೀರದು. ಚಹಾ ಕುಡಿಯುವಾಗ ತಟ್ಟೆ ತುಂಬ ವಡೆ, ರೋಲ್ ತಂದಿಟ್ಟರೆ ಗಾಬರಿ ಬೇಡ, ತಿಂದಷ್ಟಕ್ಕೇ ದುಡ್ಡು. ಸಸ್ಯಾಹಾರಿಗಳು ಸಂಬೋಲ್ ಮುಟ್ಟುವ ಮುಂಚೆ 'ಉಂಬಲಕಡ ಎಪಾ' ಅನ್ನಿ. ಒಣಮೀನಿನ ಪುಡಿ ಬೇಡ ಅಂತ ಅರ್ಥ. ಇಲ್ಲದಿದ್ದರೆ ಹಾಕಿಯೇ ಕೊಡುತ್ತಾರೆ.